ಬ್ರೇಕು ಹಿಡೀತು

ಎಲ್ಲ ರಗಳೆಗೂ ಮೂಲ ಸೈಕಲ್ಲಿನ ಹಿಂದಿನ ಬ್ರೇಕು ಹಿಡಿಯದೇ ಇದ್ದದ್ದು.

ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸಿ ಒರೆಸಿ ತಾನೂ ಗಾಜಿನ ಹಾಗೆ ಯಾರ ಕಣ್ಣಿಗೂ ಬೀಳದವನಾಗಿದ್ದ ಆ ಆಸಾಮಿಗೆ ಅವನ ಸೋದರತ್ತೆ ಇಟ್ಟ ಹೆಸರು ಪುಕ್ಕಲಣ್ಣ. ತನ್ನ ನೆರಳೇ ಎದುರಾದರೂ ಪಕ್ಕಕ್ಕೆ ಸರಿದು ದಾರಿ ಬಿಡುವ ಪೈಕಿ. ಅಂಥವನು ಟ್ರಯಲ್ಸ್ ಸೈಕಲ್ಲಿನ ಹುಚ್ಚಿಗೆ ಬಿದ್ದಿದ್ದ. ಕಾಲು ನೆಲಕ್ಕೆ ತಾಗಿಸದೆ ಸೈಕಲ್ಲಿನ ಮೇಲೆಯೇ ಕಲ್ಲು, ಮೆಟ್ಟಿಲು, ಗೋಡೆಗಳನ್ನು ಹತ್ತಿ ಕುಪ್ಪಳಿಸುವ ಆಟ ಅದು. ಯಾರೋ ಹುಡುಗಿಯೊಬ್ಬಳು ಗೋಡೆಯ ಅಂಚಿನಲ್ಲಿ ಸೈಕಲ್ಲಿನ ಮೇಲೆ ಒಂದಿಷ್ಟೂ ಅಲ್ಲಾಡದೆ ನಿಂತದ್ದನ್ನು ಅವನು ನೋಡಿದ್ದ. ಹೆದರದೆ ಹಾಗೆ ನಿಲ್ಲಬೇಕು. ಬದುಕಿನಲ್ಲಿ ಅವನು ಬಯಸಿದ್ದು ಇಷ್ಟೇ.

ಹಾಗೆ ನಿಲ್ಲಬೇಕಾದರೆ ಬ್ರೇಕು ಜಿಗಣೆಯಂತೆ ಹಿಡಿಯಬೇಕು. “ರಿಮ್ಮನ್ನ ಗೀರಿ ತರಿತರಿ ಮಾಡು, ಮೇಲೆ ಚೂರು ಟಾರು ಉಜ್ಜು. ಕಿರುಚುತ್ತೆ, ಹೆದರ್ಬೇಡ. ಕಿರುಚಿದ್ರೆ ಹಿಡೀತು ಅಂತಲೇ ಅರ್ಥ,” ಎಂದಿದ್ದರು ಆಟ ಕಲಿಸುವ ಮೇಷ್ಟ್ರು.

ರಜೆಯ ದಿನ. ಮಂಜು ಇನ್ನೂ ಹಿತ್ತಿಲಲ್ಲೇ ಮುದುರಿ ಮಲಗಿತ್ತು. ಗೀರಿ, ಉಜ್ಜಿ, ಇಳಿಜಾರಾಗಿ ಒರಗಿಸಿದ್ದ ಹಲಗೆಯ ಮೇಲೆ ಸೈಕಲ್ ಓಡಿಸಿ, ಪಕ್ಕದ ಮನೆಗೂ ತಮ್ಮ ಮನೆಗೂ ನಡುವಿದ್ದ ಮೋಟುಗೋಡೆಯನ್ನು ಏರಿ ಅವನು ಬ್ರೇಕು ಒತ್ತಿದ.

“ಇಳೀ…ಈಈ!”

ಅವನ ಜೀವ ಬಾಯಿಗೆ ಬಂತು. ಆ ಕೂಗು ಆ ಸಾಲುಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಪಕ್ಕದ ಮನೆಯ ಅಜ್ಜಿ ಗೋಡೆ ಹತ್ತಿದ ಬೆಕ್ಕಿಗೂ ಮಕ್ಕಳಿಗೂ ಒಂದೇ ರಾಗದಲ್ಲಿ ಕೂಗುತ್ತಿದ್ದಳು, “ಇಳೀ ಕೆಳಗೆ!” ಅಂತ. ಆದರೆ ಅಜ್ಜಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಗೆ ಬೀಗ ಜಡಿದಿತ್ತು. ಬೀಗಕ್ಕೂ ತುಕ್ಕು ಹಿಡಿದಿತ್ತು.

ಆದರೂ ಇನ್ನೊಮ್ಮೆ ಒತ್ತಿದ. “ಇಳೀ…” ಓ, ಬ್ರೇಕು! ಬ್ರೇಕೇ! ಮೇಷ್ಟ್ರು ಹೇಳಿದ ಹಾಗೇ ಆಗಿದೆ! ಒಂದು ಉಸಿರಿನಷ್ಟು ಹೊತ್ತು ಗೋಡೆಯ ಮೇಲೆ ಗಟ್ಟಿಯಾಗಿ ನಿಂತೂಬಿಟ್ಟ. ಇಳಿದವನೇ ಮೇಷ್ಟ್ರಿಗೆ ಫೋನು ಹಚ್ಚಿದ.

“ಹಿಡೀತು ಸಾರ್! ಗೋಡೆ ಹತ್ತಿದ್ದೇ ತಡ, ಹಿಡೀತು! ಎಂಥಾ ಹಿಡಿತ ಅಂತೀರಿ, ಮೈಯೆಲ್ಲ ಜುಮ್ಮಂತು. ನನ್ನನ್ನ ಅಲ್ಲಾಡೋಕೇ ಬಿಡ್ಲಿಲ್ಲ!”

ಅಡುಗೆಮನೆಯ ಕಿಟಕಿಯಲ್ಲಿದ್ದ ಅತ್ತೆಯ ಕೈಯಿಂದ ಲೋಟ ಜಾರಿ ಬಿತ್ತು. ಕೂಗು ಅವಳ ಕಿವಿಗೂ ಬಿದ್ದಿತ್ತು. ಮನುಷ್ಯನನ್ನು ಹಿಡಿಯುವಂಥವು ಅವಳಿಗೆ ಗೊತ್ತಿದ್ದದ್ದು ಎರಡೇ, ನೆಗಡಿ ಮತ್ತು ದೆವ್ವ. ನೆಗಡಿ ಹಿಡಿದವರು ಗೋಡೆ ಹತ್ತುವುದಿಲ್ಲ.

ಹಾಲು ಉಕ್ಕುವಷ್ಟರಲ್ಲಿ ಹಿತ್ತಿಲಲ್ಲಿ ಪಂಚಾಯಿತಿ ಸೇರಿತು. ಎದುರುಮನೆಯ ಕಾಂಪೌಂಡರ್ ಮಾವ ಕೇಳದೆಯೇ ಅವನ ನಾಡಿ ನೋಡಿದರು.

“ಬೆಳಿಗ್ಗೆ ನಾನೇ ಕಂಡೆ ಕಣಮ್ಮಾ. ಮಂಜಿನಲ್ಲಿ, ಗೋಡೆ ಮೇಲೆ ನಿಂತಿತ್ತು. ಕಾಲು ಗೋಡೆಗೂ ತಾಗಿರ್ಲಿಲ್ಲ.”

“ಅದು ನಾನೇ ಮಾವ! ಸೈಕಲ್ ಮೇಲಿದ್ದೆ.”

“ಯಾವುದು, ಈ ಸೈಕಲ್ಲಾ?” ಬೀದಿ ಕೊನೆಯ ಟೈಲರ್ ಬಗ್ಗಿ ನೋಡಿದ. “ಇದಕ್ಕೆ ಸೀಟೇ ಇಲ್ವಲ್ಲಪ್ಪ!”

“ಈ ಥರದ್ದಕ್ಕೆ ಸೀಟಿರಲ್ಲ. ಇದರ ಮೇಲೆ ಯಾರೂ ಕೂರಲ್ಲ.”

“ಕಣ್ಣಿಗೆ ಕಾಣೋವರು ಯಾರೂ ಕೂರಲ್ಲ ಅನ್ನು,” ಎಂದ ಟೈಲರ್. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

“ಅತ್ತೆ, ಕೂಗಿದ್ದು ಬ್ರೇಕು! ಹಿಡಿದಿದ್ದೂ ಬ್ರೇಕು!”

“ಬ್ರೇಕಿಗೆ ಬಾಯಿದ್ಯೇನೋ? ಅಜ್ಜಿ ಗಂಟಲು ನಂಗೊತ್ತಿಲ್ವಾ? ಬೈಸ್ಕೊಂಡೇ ಬಾಳಿದೀನಿ ಈ ಮನೇಲಿ.”

ಕೊನೆಗೆ ಕಾಂಪೌಂಡರ್ ಮಾವನದೇ ತೀರ್ಪು. ಸಂಜೆ ಎಲ್ಲರ ಎದುರಿಗೆ ಅವನು ಗೋಡೆ ಹತ್ತಬೇಕು, ಬ್ರೇಕು ಕೂಗಿಸಿ ತೋರಿಸಬೇಕು. ಕೂಗಿದರೆ ಸೈಕಲ್ ಮನೆಯಲ್ಲಿ. ಕೂಗದಿದ್ದರೆ ಗುಜರಿಯವನ ಗಾಡಿಯಲ್ಲಿ.

ಮಧ್ಯಾಹ್ನ ಅವನು ಊಟ ಮುಟ್ಟದೆ ಮುಸುಕೆಳೆದು ಮಲಗಿದ್ದನ್ನು ಕಂಡು ಅತ್ತೆಯ ಕರುಳು ಚುರುಕ್ಕೆಂದಿತು. ಪಾಪ, ಅದೊಂದೇ ಅವನ ಆಸೆ. ಬ್ರೇಕು ತಪ್ಪದೆ ಕೂಗಬೇಕಾದರೆ ಏನು ಮಾಡಬೇಕೆಂದು ಅವಳು ಟೈಲರನ ಹತ್ತಿರ ಹೋಗಿ ಕೇಳಿದಳು.

“ಮಿಷಿನ್ನು ಹೇಳಿದ ಮಾತು ಕೇಳಬೇಕು ಅಂದ್ರೆ ಎಣ್ಣೆ ಬಿಡ್ಬೇಕಮ್ಮ,” ಎಂದು ಅವನು ಹೊಲಿಗೆ ಮಿಷಿನ್ನಿನ ಎಣ್ಣೆಯ ಡಬ್ಬಿ ಕೊಟ್ಟ. ಪರೀಕ್ಷೆಗೆ ಹೊರಟ ಮಗುವಿನ ತಲೆಗೆ ಎಣ್ಣೆ ಹಚ್ಚುವ ಅಕ್ಕರೆಯಿಂದ ಅತ್ತೆ ಸದ್ದಿಲ್ಲದೆ ಎರಡೂ ಚಕ್ರಗಳ ರಿಮ್ಮಿಗೆ ಸುತ್ತಲೂ ಎಣ್ಣೆ ಹಚ್ಚಿದಳು.

ಹೊತ್ತು ಮುಳುಗುತ್ತಿತ್ತು. ಗಾಳಿಯ ಸುಳಿವಿಲ್ಲ, ಆದರೂ ಬೀಗ ಹಾಕಿದ ಮನೆಯ ಹಿಂಬದಿಯ ಕಿಟಕಿಯ ಬಾಗಿಲು ಒಂದು ಚೂರು ತೆರೆದಿತ್ತು. ಬೆಳಿಗ್ಗೆ ಅದು ಮುಚ್ಚಿರಲಿಲ್ಲವೇ? ಗುಜರಿಯವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಪುಕ್ಕಲಣ್ಣ ಹಲಗೆ ಏರಿದ, ಗೋಡೆ ಏರಿದ, ಬ್ರೇಕು ಒತ್ತಿದ.

ಸದ್ದಿಲ್ಲ.

ಬೆಣ್ಣೆಯಲ್ಲಿ ಕೂದಲೆಳೆದಂತೆ ಚಕ್ರ ಉರುಳಿತು. ಎರಡೂ ಬ್ರೇಕುಗಳನ್ನು ಹಿಂಡಿದ. ಉಹ್ಞೂಂ. ಕೆಳಗೆ ನೋಡಿದರೆ ರಿಮ್ಮು ಫಳಫಳ ಹೊಳೆಯುತ್ತಿತ್ತು. ಮಿಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಮುಗಿಯಿತು ಕತೆ. ಇನ್ನು ಸೈಕಲ್ ಗುಜರಿಗೆ—

“ಇಳೀ…ಈಈ!”

“ಅಯ್ಯೋ ಹೌದು ಕಣ್ರೋ, ಬ್ರೇಕೇ!” ಕಾಂಪೌಂಡರ್ ಮಾವ ಚಪ್ಪಾಳೆ ತಟ್ಟಿದರು. ಟೈಲರ್ ಬಿದ್ದು ಬಿದ್ದು ನಕ್ಕ. ಗುಜರಿಯವನು ಗೊಣಗುತ್ತ ಗಾಡಿ ತಿರುಗಿಸಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೋಡಿದ್ರಾ, ಎಣ್ಣೆ ಬಿಟ್ಟಿದ್ದಕ್ಕೆ ಎಷ್ಟು ಚೆನ್ನಾಗಿ ಕೂಗ್ತಿದೆ!”

ಗೋಡೆಯ ಮೇಲಿದ್ದವನಿಗೆ ಮಾತ್ರ ನಗು ಬರಲಿಲ್ಲ. ಎಣ್ಣೆ ಕುಡಿದ ಬ್ರೇಕು ಕೂಗುವುದಿಲ್ಲ. ಕೂಗು ಬಂದದ್ದು ಬೆನ್ನ ಹಿಂದಿನಿಂದ, ಆ ಕಿಟಕಿಯಿಂದ. ಹೋಗಲಿ, ಕಿವಿಯ ಭ್ರಮೆ ಎಂದುಕೊಳ್ಳುವಷ್ಟರಲ್ಲಿ, ಯಾವ ಬ್ರೇಕೂ ಆಡಲಾರದ ಉಳಿದ ಒಂದು ಮಾತು ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ ಬಂತು.

“…ಕೆಳಗೆ.”

ಅವನು ಇಳಿದ. ಸೈಕಲ್ ಸಮೇತ, ಆಚೆ ಬದಿಗೆ, ಅಜ್ಜಿಯ ಹಿತ್ತಿಲಿನ ತರಗೆಲೆಗಳ ರಾಶಿಗೆ.

“ಪೆಟ್ಟಾಯ್ತೇನೋ?” ಗೋಡೆಯ ಈಚೆಯಿಂದ ಅತ್ತೆ ಕೂಗಿದಳು. “ಎದ್ದು ಬಾರೋ ರಾಜ, ಸೈಕಲ್ ನಿಂದೇ! ಇನ್ನು ಯಾರೂ ಮುಟ್ಟಲ್ಲ!”

ಅವನು ಏಳಲು ನೋಡಿದ. ಆಗಲಿಲ್ಲ. ತುಂಟ ಬೆಕ್ಕಿನ ಕತ್ತು ಹಿಡಿಯುವ ಹಾಗೆ, ತಣ್ಣನೆಯ ಸಣಕಲು ಬೆರಳುಗಳು ಹಿಂದಿನಿಂದ ಒಂದೊಂದಾಗಿ ಅವನ ಕಾಲರಿನೊಳಗೆ ಇಳಿಯುತ್ತಿದ್ದವು. ಅವನು ಒಂದಿಷ್ಟೂ ಅಲ್ಲಾಡದೆ ಉಳಿದ.

“ಏನೋ, ಮಾತಾಡೋ! ಈಗ ಸರಿಯಾಗಿ ಹಿಡೀತೇನೋ?”

“ಹಿಡೀತು, ಅತ್ತೆ,” ಎಂದ.

ಈಚೆಗಿದ್ದವರೆಲ್ಲ ಗೊಳ್ಳೆಂದು ನಕ್ಕು, ತಮ್ಮ ತಮ್ಮ ಮನೆಗೆ ಹೊರಟರು.