ಸ್ವಾತಂತ್ರ್ಯವಾದಿ ಮಾವನೂ ಸರ್ಕಾರಿ ಅಳಿಯನೂ

ನನ್ನ ಮಾವನವರಿಗೆ, ಅಂದರೆ ಹೆಂಡತಿಯ ತಂದೆಗೆ, ಜಗತ್ತಿನಲ್ಲಿ ಒಬ್ಬನೇ ಒಬ್ಬ ಶತ್ರು: ಸರ್ಕಾರ. ಅಳಿಯನಾಗಿ ಸಿಕ್ಕಿದವನು ನಾನು, ತಾಲ್ಲೂಕು ಕಚೇರಿಯಲ್ಲಿ ಆಹಾರ ಶಾಖೆಯ ಗುಮಾಸ್ತ! ಇದಕ್ಕೆ ಯಾರನ್ನು ದೂರುವುದು?

ಬಂಗಾರಪೇಟೆ ಸ್ಟೇಷನ್ ಎದುರಿನ ಸಂದಿಯಲ್ಲಿ ಅವರದು ಟೈಲರ್ ಅಂಗಡಿ. ಹಿಂದೆ ಚಿನ್ನದ ಗಣಿಯ ಸಾಹೇಬರಿಗೆ ಕೋಟು ಹೊಲಿಯುತ್ತಿದ್ದಾಗ ಅವರ ಹಳೆಯ ಪುಸ್ತಕಗಳನ್ನು ಎರವಲು ತಂದು ಓದಿದ್ದರಂತೆ. ಅಳತೆಗೆ ನಿಂತವರಿಗೆಲ್ಲ ಪಾಠ ಶುರು.

"ನಿನ್ನ ಮೈ ನಿಂದು, ನಿನ್ನ ಬುದ್ಧಿ ನಿಂದು, ದುಡಿದಿದ್ದು ನಿಂದು. ಇನ್ನೊಬ್ಬನ ತಂಟೆಗೆ ಓಗದಿದ್ರೆ ಸಾಕು, ನೀನು ಎಂಗೆ ಬದುಕಿದ್ರೂ, ಯಾವ ದೇವರಿಗೆ ಕೈ ಮುಗಿದ್ರೂ ಕೇಳಾಕೆ ಯಾರಿಗೂ ಅಕ್ಕಿಲ್ಲ. ಸರ್ಕಾರ ಕಳ್ಳರನ್ನ ಇಡೀಲಿ, ನ್ಯಾಯ ಮಾಡ್ಲಿ. ನನ್ನ ಅಡಿಗೆಮನೆಗೆ ಯಾಕೆ ಬತ್ತದೆ?"

ಕುತ್ತಿಗೆಗೆ ಟೇಪು ಸುತ್ತಿರುವಾಗ ಎದುರು ವಾದಿಸುವ ಧೈರ್ಯ ಯಾರಿಗಿದ್ದೀತು? ನಾನಂತೂ ಮೊದಲ ಸಲ ಈ ಪಾಠ ಕೇಳಿದಾಗ 'ಅಕ್ಕಿಲ್ಲ' ಎಂಬೊಂದೇ ಮಾತನ್ನು ಹಿಡಿದುಕೊಂಡು, "ಮುಂದಿನ ವಾರ ಬರುತ್ತದೆ, ಗೋಧಿ ಕೂಡ ಬರುತ್ತದೆ" ಎಂದು ಗಂಭೀರವಾಗಿ ಭರವಸೆ ಕೊಟ್ಟಿದ್ದೆ.

ಮದುವೆಯ ಧಾರೆಯ ಹೊತ್ತಿಗೆ ಪುರೋಹಿತರು ಕನ್ಯಾದಾನ ಮಾಡಿ ಎಂದರು. ಮಾವ ಕೈ ಕಟ್ಟಿ ನಿಂತರು. "ಅವಳೇನು ನನ್ನ ಸೊತ್ತಾ ಸ್ವಾಮಿ, ದಾನ ಕೊಡಾಕೆ? ಅವಳನ್ನೇ ಕೇಳಿ." ಓಲಗ ನಿಂತಿತು. ಮಂಟಪವೆಲ್ಲ ಮದುಮಗಳ ಕಡೆ ತಿರುಗಿತು. ಅವಳು ನನ್ನನ್ನು ಪೇಟದಿಂದ ಪಾದದವರೆಗೆ ನೋಡಿ, ತುಂಬಾ ಹೊತ್ತು ಯೋಚಿಸಿ, "ಆಗ್ಲಿ" ಎಂದಳು. ಇನ್ನೂ ಸ್ವಲ್ಪ ಬೇಗ ಯೋಚಿಸಿದ್ದರೆ ನನ್ನ ಮಾನ ಅಷ್ಟಿಷ್ಟಾದರೂ ಉಳಿಯುತ್ತಿತ್ತು.

ಆಮೇಲೆ ಬಂತು ಅಕ್ಕಿ ಸಾಗಿಸಲು ಪರ್ಮಿಟ್ ಬೇಕಾದ ಕಾಲ. ಆಂಧ್ರ ಗಡಿಯ ತನಿಖಾ ಗೇಟಿಗೆ ನನ್ನನ್ನು ಹಾಕಿದ್ದರು. ಆಚೆ ಊರಿನ ಸ್ನೇಹಿತನ ಮನೆಯ ಮದುವೆಗೆಂದು ಮಾವ ಚೀಲ ಹೊತ್ತು ಬಸ್ಸಿನಿಂದಿಳಿದು, ನೇರ ನನ್ನ ಮೇಜಿನ ಮುಂದೆ ಇಳಿಸಿದರು.

"ಅಕ್ಕಿ ಐತೆ. ಪರ್ಮಿಟ್ ಇಲ್ಲ."

"ನಾನು ನೋಡಲಿಲ್ಲ ಮಾವ, ಸುಮ್ನೆ ಹೋಗಿ," ಎಂದು ಪಿಸುಗುಟ್ಟಿದೆ.

"ಅದೆಂಗೆ? ನನ್ನ ಅಕ್ಕಿ ನನ್ನ ಸ್ನೇಹಿತನಿಗೆ ಕೊಡಾಕೆ ನಿಮ್ಮ ಚೀಟಿ ಯಾಕೆ ಅನ್ನೋದು ನನ್ನ ಜಗಳ. ಆದ್ರೆ ಗುಮಾಸ್ತನ ಮಾವನಿಗೊಂದು ಕಾನೂನು, ಊರೋರಿಗೊಂದು ಕಾನೂನು ಇರಬಾರ್ದು. ಇಡ್ಕಳಿ."

ಇಡೀ ಬಸ್ಸು ಕಿಟಕಿಯಿಂದ ಇಣುಕುತ್ತಿತ್ತು. ಹಿಡಿದುಕೊಂಡೆ. ಮನೆಗೆ ಬಂದರೆ ಒಲೆ ತಣ್ಣಗಿತ್ತು. "ನಮ್ಮಪ್ಪನ ಅಕ್ಕಿ ಇಡ್ಕಂಡ್ರಂತೆ. ಅದನ್ನೇ ಬೇಯಿಸ್ಕಳಿ," ಎಂದಳು ಹೆಂಡತಿ. ತನಗೆ ಬೇಡವಾದಾಗ ಅಡಿಗೆ ಮಾಡದಿರುವ ಸ್ವಾತಂತ್ರ್ಯವನ್ನೂ ಅವಳು ತವರಿನಿಂದಲೇ ತಂದಿದ್ದಳು.

ಹೀಗಿರುವಾಗ ಮಾವನ ಮುದ್ದಿನ ಕಿರಿಮಗಳು, ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ ಗಣಿಯೊಳಗೆ ಇಳಿದು ಕೆಲಸ ಮಾಡುವ ತಮಿಳು ಕ್ರೈಸ್ತ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ನೆಂಟರೆಲ್ಲ ಅಂಗಡಿಗೆ ನುಗ್ಗಿದರು. ಮುಂದಾಳು ನಾನೇ. "ನೀವು ಬೇಡ ಅಂತ ಒಂದು ಮಾತಂದರೆ ಸಾಕು ಮಾವ," ಎಂದು ಸರ್ಕಾರದ ಗಂಟಲಿನಲ್ಲೇ ಹೇಳಿದೆ.

ಉಳಿದವರಿಗೆ ಜಾತಿ, ಧರ್ಮದ ಚಿಂತೆ. ಮಾವನ ಭಯವೇ ಬೇರೆ. ಅವರ ಒಬ್ಬನೇ ತಮ್ಮ ಗಣಿಗಿಳಿದವನು ಜೀವಂತ ಮೇಲೆ ಬಂದಿರಲಿಲ್ಲ. ಅವರು ಆ ಕಡೆಯ ಕೆಲಸ ಬಿಟ್ಟು ಬಂಗಾರಪೇಟೆಗೆ ಬಂದದ್ದೇ ಅದಾದ ಮೇಲೆ.

"ಗಣಿ ಅಂದ್ರೆ ಏನು ಅಂತ ಗೊತ್ತಾ ಮಗಾ?" ಎಂದು ಅವಳನ್ನು ಕೇಳಿದರು.

"ಗೊತ್ತಪ್ಪ. ಚಿಕ್ಕಪ್ಪನ್ನ ಮರೆತಿಲ್ಲ."

"ಆದ್ರೂ ಅವನೇನಾ?"

"ಅವನೇ."

ಮಾವ ಕತ್ತರಿ ಕೆಳಗಿಟ್ಟರು. "ಉಡುಗನ್ನ ಕಳಿಸು. ಕೋಟಿಗೆ ಅಳತೆ ಬೇಕು."

ಇಗರ್ಜಿಯಲ್ಲಿ ಮದುವೆಯಾಯಿತು. ನೆಂಟರು ಯಾರೂ ಬರಲಿಲ್ಲ. ನಾವು ಮನೆಯವರಷ್ಟೇ ಹೋಗಿ ಸಂಜೆಯ ರೈಲಿನಲ್ಲಿ ಬಂಗಾರಪೇಟೆಗೆ ಮರಳಿದೆವು. ಹೆಂಗಸರು ಜಟಕಾ ಹುಡುಕಲು ಮುಂದೆ ನಡೆದರು. ಮಾವ ಮಾತ್ರ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಸಿದು ಕೂತರು. ಪಕ್ಕದಲ್ಲಿ ಕೂತೆ.

"ಅಳಿಯಂದ್ರೆ, ನಾನು ಬೇಡ ಅಂದಿದ್ರೆ ಮಗು ನಿಂತುಬಿಡ್ತಿತ್ತಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನಿಂತುಬಿಡ್ತಿದ್ದಳು ಮಾವ. ನಿಮ್ಮ ಮಾತು ಮೀರೋಳಲ್ಲ ಅವಳು."

"ನಂಗೂ ಗೊತ್ತಿತ್ತು," ಎಂದರು. ಟವೆಲಿನಿಂದ ಮುಖ ಒರೆಸಿಕೊಂಡರು. "ಅದಕ್ಕೇ ಅನ್ನಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಆ ಬೆರಳುಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದವು.