ಬೆವರಿದ ಲ್ಯಾಪ್‌ಟಾಪು

ಏಳನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಒಂದು ಅನುಕೂಲವಿದೆ. ತನಗೆ ಏನು ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಹಾಗಾಗಿ ಯಾವುದಕ್ಕೂ ಕೈ ಹಾಕಲು ಅಂಜುವುದಿಲ್ಲ. ಹೀಗೆ ಕೈ ಹಾಕುತ್ತಲೇ ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲನಾಗಿ ಸೇರಿ ಮೇಲ್ವಿಚಾರಕನಾದೆ. ಚೀಲ ಹೊತ್ತವನ ಕೈಯಲ್ಲೇ ಇವತ್ತು ಬೀಗದ ಕೈ ಇದೆ ಎಂದು ಬೀಗರ ಮುಂದೆ ಹೇಳಿಕೊಳ್ಳುವುದುಂಟು, ಅವರು ಕೇಳದಿದ್ದರೂ.

ಮಗಳು ಶೈಲಾ ಆಗ ಧಾರವಾಡದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದಳು. ಪ್ರಬಂಧ ಮುಗಿಸಲೆಂದು ಊರಿಗೆ ಬಂದವಳು ದಿನವಿಡೀ ಲ್ಯಾಪ್‌ಟಾಪಿನ ಮುಂದೆಯೇ. ಕಡು ಬೇಸಿಗೆ ಬೇರೆ. “ಅಪ್ಪಾ, ಇದು ಭಾಳ ಕಾಯಾಕತ್ತೈತಿ. ತೊಡಿಮ್ಯಾಲೆ ರೊಟ್ಟಿ ಹಂಚು ಇಟ್ಕೊಂಡಂಗ ಆಗತೈತಿ,” ಎಂದಳು. ಮರುದಿನವೇ ಪ್ರಬಂಧ ಒಪ್ಪಿಸಬೇಕಿತ್ತು. ಎಲ್ಲ ಸುಸೂತ್ರ ಆಗಲೆಂದು ತಾಯಿ ಮಗಳು ಕದರಮಂಡಲಗಿ ಹನುಮಪ್ಪನಿಗೆ ಕಾಯಿ ಒಡೆಸಲು ಹೋದರು. ನಾನು ಹೋಗಲಿಲ್ಲ. ಹೋಗಿದ್ದರೆ ಹನುಮಪ್ಪನಿಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು.

ಕಾದದ್ದನ್ನು ತಂಪು ಮಾಡುವುದು ನನ್ನ ಕಸುಬು. ಊರ ಮಂದಿಯ ಮೆಣಸಿನಕಾಯಿಗೆ ತಂಪಿನ ಜಾಗ ಕೊಡುವವನು ಹೆತ್ತ ಮಗಳ ಲ್ಯಾಪ್‌ಟಾಪಿಗೆ ಕೊಡಬಾರದೇ? ಗೋಣಿಚೀಲದಲ್ಲಿ ಸುತ್ತಿ ಒಯ್ದು ಸ್ಟೋರೇಜಿನ ಮೆಣಸಿನಕಾಯಿ ಚೀಲಗಳ ನಡುವೆ ಮಲಗಿಸಿದೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಹೋಗಿ ತಂದೆ. ಮುಟ್ಟಿದರೆ ಬೆರಳು ಜುಮ್ಮೆನ್ನಬೇಕು, ಅಷ್ಟು ತಂಪು. ಖುಷಿಯಿಂದ ಗುಂಡಿ ಒತ್ತಿದೆ. ದೀಪ ಬರಲಿಲ್ಲ. ಮುಚ್ಚಿದ ಮನೆಯ ಕರೆಗಂಟೆಯೇನೋ ಎಂಬಂತೆ ಮತ್ತೆ ಮತ್ತೆ ಒತ್ತಿದೆ. ಕಿವಿಗೆ ಹಿಡಿದು ಅಲುಗಾಡಿಸಿದೆ. ಅಷ್ಟರಲ್ಲಿ ಅದರ ಮೈತುಂಬ ನೀರಿನ ಹನಿ.

ಬಾಗಿಲಲ್ಲಿ ಮಗಳು. “ಏನ್ ಮಾಡೀಯಪ್ಪಾ ಇದಕ್ಕ?”

“ಏನಿಲ್ಲವ್ವಾ. ಸ್ವಲ್ಪ ತಂಪಿಗಿಟ್ಟಿದ್ದೆ.”

“ನಿಮ್ಮನ್ನ ಒಳಗಿಟ್ಟು ಬೀಗ ಹಾಕಬೇಕಿತ್ತು,” ಎಂದಳು ನನ್ನಾಕೆ.

ಶೈಲಾ ಅದನ್ನು ಮಗುಚಿ ಬ್ಯಾಟರಿ ತೆಗೆದಿಟ್ಟಳು. ಬರೆದದ್ದಕ್ಕೆ ಬೇರೆ ಕಡೆ ನಕಲು ಇದೆಯೇ ಎಂದು ಮೆಲ್ಲಗೆ ಕೇಳಿದೆ. “ಇವತ್ತು ಸಂಜೀಕ ಮಾಡೂದಿತ್ತು,” ಎಂದಳು. ಎರಡು ವರ್ಷ ಆಕೆ ಹೊಲ ಹೊಲ ತಿರುಗಿ ಕೂಡಿಸಿದ್ದೆಲ್ಲ ಅದರ ಹೊಟ್ಟೆಯಲ್ಲೇ ಇತ್ತು. ಬಿಸಿಲಿಗೆ ಒಣಹಾಕೋಣವೇ ಎಂದೆ. “ಹಪ್ಪಳ ಅಲ್ಲಪ್ಪಾ ಅದು,” ಎಂದಳು.

ನನಗೋ ಒಂದೇ ಕುತೂಹಲ. ಸ್ಟೋರೇಜಿನೊಳಗೆ ಒಂದು ಹನಿ ನೀರಿರಲಿಲ್ಲ, ಹಾಗಾದರೆ ಇದೆಲ್ಲಿಂದ ಬಂತು? ಕೇಳಿದೆ.

“ನೀರು ಅಲ್ಲಿಂದ ಬಂದಿಲ್ಲ, ಇಲ್ಲಿ ಗಾಳಿಯಾಗ ಇದ್ದದ್ದು. ತಣ್ಣನ ಮೈ ಸಿಕ್ಕಕೂಡ್ಲೆ ಹನಿಯಾಗಿ ಕುಂತೈತಿ. ಒಳಗೂ ಕುಂತಿರತೈತಿ. ಮನಿ ಬಿಸಿಗೆ ಅದು ಹೊಂದೂತನಕ ಯಾರೂ ಗುಂಡಿ ಮುಟ್ಟಬ್ಯಾಡ್ರಿ.”

ಸ್ಟೋರೇಜಿನಿಂದ ಹೊರತಂದ ಚೀಲವನ್ನು ಅವಸರದಲ್ಲಿ ಬಿಚ್ಚುವ ವ್ಯಾಪಾರಿಗಳಿಗೆ ನಾನು ದಿನಾ ಹೇಳುವ ಮಾತಿದು. “ಸಾಹುಕಾರ್ರ, ಚೀಲ ಬೆವರಾಕತ್ತೈತಿ. ಮೊದಲು ಬೆವರು ಆರಲಿ, ಈಗ ಬಿಚ್ಚಿದ್ರ ಕಾಯಿ ಕರ್ರಗಾಗತೈತಿ.” ಮಂದಿಯ ಮೆಣಸಿನಕಾಯಿಗೆ ಇದ್ದ ನನ್ನ ಬುದ್ಧಿ ಮಗಳ ಲ್ಯಾಪ್‌ಟಾಪಿಗೆ ಬಂದಿರಲಿಲ್ಲ. ಕೈಯಾಗಿನ ಕಸುಬು ಗೋಣಿಯಿಂದಾಚೆ ದಾಟುವುದಿಲ್ಲವೇನೋ.

ಶೈಲಾ ಅದನ್ನು ತೆರೆದು, ಒಣ ಬಟ್ಟೆಯ ಮೇಲೆ ಬೋರಲು ಹಾಕಿಟ್ಟಳು. ಬಾಣಂತಿ ಕೋಣೆಯ ಹೊರಗೆ ಸುಳಿದಾಡುವವನಂತೆ ನಾನು ಸುತ್ತ ಸುಳಿದೆ. ಮುಟ್ಟಲಿಲ್ಲ, ಮುಟ್ಟಲು ನನ್ನಾಕೆ ಬಿಡಲಿಲ್ಲ.

ಬೆಳಿಗ್ಗೆ ಬಸ್ಸಿನ ಹೊತ್ತಾಗುತ್ತಿತ್ತು. ಶೈಲಾ ಬ್ಯಾಟರಿ ಹಾಕಿ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಒಳಗಿನ ಫ್ಯಾನು ಗೊರ್ರೆಂದು ತಿರುಗಿ, ಗೋಣಿಯಿಂದ ಒಳಸೇರಿದ್ದ ಮೆಣಸಿನಕಾಯಿ ಧೂಳನ್ನೆಲ್ಲ ನಮ್ಮ ಮುಖಕ್ಕೆ ಊದಿತು. ಮಗಳು ಸೀನಿದಳು, ತಾಯಿ ಸೀನಿದಳು. ಸೀನುತ್ತಲೇ ಶೈಲಾ, “ಎಲ್ಲಾ ಐತಪ್ಪಾ, ಒಂದ್ ಅಕ್ಷರನೂ ಹೋಗಿಲ್ಲ,” ಎಂದಳು.

ನಾನು ಟವಲಿನಿಂದ ಕಣ್ಣೊರೆಸಿಕೊಂಡೆ. ನನ್ನಾಕೆ ನೋಡಿದಳು. “ಏನಾತ್ರಿ?”

“ಘಾಟು,” ಎಂದೆ.

“ಮದುವಿಯಾಗಿ ಬಂದಾಗಿನಿಂದ ನೋಡಾಕತ್ತೇನಿ, ಮೆಣಸಿನಕಾಯಿ ರಾಶಿಮ್ಯಾಲೆ ಮಲಗಿ ಗೊರಕಿ ಹೊಡದವ್ರು ನೀವು. ಇವತ್ತ ಹತ್ತಿತೇನ್ರಿ ನಿಮಗ ಘಾಟು?” ಎಂದಳು.