ದರ್ಬಾರಿಗೆ ಬಿದ್ದ ಸುಣ್ಣ

ಎಲ್ಲದಕ್ಕೂ ಕಾರಣ ಒಂದು ಬಕೆಟ್ ಸುಣ್ಣ. ಕಾಂಪೌಂಡಿಗೆ ಬಳಿಯಲೆಂದು ತಂದದ್ದು. ಇವತ್ತು ಬಳಿದರಾಯಿತು, ನಾಳೆ ಬಳಿದರಾಯಿತು ಎಂದು ನಿಂಗರಾಜು ಅದನ್ನು ಎರಡು ತಿಂಗಳಿಂದ ಹಿತ್ತಲ ಮೂಲೆಯಲ್ಲಿ ನೆನೆಯಲು ಬಿಟ್ಟಿದ್ದ. ಆಲಸ್ಯಂ ಅಮೃತಂ ವಿಷಂ ಎಂದು ಮೇಷ್ಟ್ರು ಮೂರನೇ ಕ್ಲಾಸಿನಲ್ಲೇ ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ಹಿಂಡಿದ್ದು ಅವನಿಗೆ ನೆನಪಿತ್ತು, ಹೇಳಿದ್ದು ಮರೆತುಹೋಗಿತ್ತು.

ಅರಕೆರೆಯ ಆ ಹೆಂಚಿನ ಮನೆ ಒಂದು ಕಾಲಕ್ಕೆ ಪರದೆ ಚಿಕ್ಕಯ್ಯನವರದು. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಯಾವ ಊರಲ್ಲಿ ಪೌರಾಣಿಕ ನಾಟಕ ಆಡಿದರೂ ಪಾತ್ರಧಾರಿಗಳ ಹಿಂದೆ ಇಳಿಯುತ್ತಿದ್ದ ಪರದೆ ಅವರ ಕೈಯದೇ. ಕಾಡು, ಬೀದಿ, ಅರಮನೆ, ಏನು ಬೇಕೋ ಅದು. ಆ ಪರದೆಗಳೆಲ್ಲ ಹರಿದು, ಭತ್ತ ಒಣಗಿಸಲು ಹಾಸಿ ಮುಗಿದುಹೋದವು. ಉಳಿದದ್ದು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ದರ್ಬಾರು ಮಾತ್ರ. ಮೈಸೂರಿನ ಟ್ರಸ್ಟೊಂದು ಮನೆಯನ್ನು ಕೊಂಡು, 'ಕಲಾಮನೆ' ಎಂದು ಬೋರ್ಡು ಹಾಕಿ, ತಿಂಗಳಿಗೊಂದು ಭಾನುವಾರ ಊರವರಿಗಾಗಿ ಕಾರ್ಯಕ್ರಮ ನಡೆಸುತ್ತಿತ್ತು. ಮಕ್ಕಳು ಚಿತ್ರ ಬರೆಯುತ್ತಿದ್ದರು, ಹಳೇ ಪಾತ್ರಧಾರಿಗಳು ಕಂದಪದ್ಯ ಹಾಡುತ್ತಿದ್ದರು. ಕೊನೆಗೆ ನಿಂಗರಾಜು ಗೋಡೆಯ ಮುಂದೆ ನಿಂತು, "ಇದು ಚಿಕ್ಕಯ್ಯನವರ ಕಟ್ಟಕಡೆಯ ದರ್ಬಾರು" ಎಂದು ಶುರುಮಾಡಿ ಮನೆಯ ಚರಿತ್ರೆ ಒಪ್ಪಿಸುತ್ತಿದ್ದ.

ನಿಂಗರಾಜು ಅಲ್ಲಿ ಆರು ವರ್ಷದಿಂದ ಹಂಗಾಮಿ ಕಾವಲುಗಾರ. ಹೆಂಡತಿ ರಂಜಿತಳ ಜೊತೆ ಹಿಂದಿನ ಎರಡು ಕೋಣೆಯಲ್ಲಿ ವಾಸ. ಅತ್ತೆ ಕುಳ್ಳಮ್ಮನಿಗೆ ರಂಜಿತ ಒಬ್ಬಳೇ ಮಗಳು. ನಾಗಮಂಗಲದ ಕಡೆ ಎರಡು ಹಸು, ಒಂದಿಷ್ಟು ತೆಂಗು, ಅಚ್ಚುಕಟ್ಟಾದ ಮನೆ ಇತ್ತು. ಮದುವೆಯಾದಂದಿನಿಂದ ಕುಳ್ಳಮ್ಮನದು ಒಂದೇ ರಾಗ: "ಅಳಿಮಯ್ಯ, ನಮ್ಮನೇಗೇ ಬಂದು ಇದ್ಬುಡಿ." ಮನೆಅಳಿಯ ಎಂಬ ಮಾತು ಕಿವಿಗೆ ಬಿದ್ದರೇ ನಿಂಗರಾಜುವಿಗೆ ಮೈ ಉರಿಯುತ್ತಿತ್ತು. ಎದುರು ಟೀ ಅಂಗಡಿಯಲ್ಲಿ ಕುಳಿತು, "ಉಪವಾಸ ಬೇಕಾದ್ರೆ ಬೀಳ್ತೀನಿ, ಅತ್ತೆ ಮನೆ ಸೂರಡಿ ಮಲಗೋ ಮಗ ಅಲ್ಲ ನಾನು" ಎಂದು ಮೀಸೆ ತಿರುವಿದ್ದಕ್ಕೆ ಅರ್ಧ ಊರು ಸಾಕ್ಷಿ ಇತ್ತು. ಕಳೆದ ಯುಗಾದಿಗೆ ಒಂದು ಒಪ್ಪಂದವೂ ಆಗಿತ್ತು. ಈ ವರ್ಷದೊಳಗೆ ಕೆಲಸ ಕಾಯಂ ಆದರೆ ಅತ್ತೆ ಆ ಮಾತು ಎತ್ತಬಾರದು, ಆಗದಿದ್ದರೆ ಅಳಿಯ ಗಂಟುಮೂಟೆ ಕಟ್ಟಬೇಕು.

ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ರಘುನಂದನ್ ಫೋನು ಮಾಡಿದರು. ಕಲಾಮನೆಗೆ ಒಂದೇ ಒಂದು ಕಾಯಂ ಹುದ್ದೆ ಮಂಜೂರಾಗಿದೆ, ಹಿಂದಿನ ಕೋಣೆಗಳು ಹುದ್ದೆಯ ಜೊತೆಗೇ ಸೇರಿದ್ದು, ಭಾನುವಾರ ಮಧ್ಯಾಹ್ನ ಟ್ರಸ್ಟಿನ ಮುಖ್ಯಸ್ಥೆ ಹೇಮಶ್ರೀ ಮೇಡಂ ಬಂದು ಕಾರ್ಯಕ್ರಮ ನೋಡಿ ಅಲ್ಲೇ ತೀರ್ಮಾನಿಸುತ್ತಾರೆ. ಮುಖ್ಯ ಅತಿಥಿ ಚಿಕ್ಕಯ್ಯನವರ ಮಗಳು ಪುಟ್ಟತಾಯಮ್ಮ. ಎಂಬತ್ತನಾಲ್ಕರ ಮುದುಕಿ, ಮನೆ ಟ್ರಸ್ಟಿನದಾದ ಮೇಲೆ ಪಾಂಡವಪುರದಿಂದ ಮೊದಲ ಸಲ ಬರುತ್ತಿದ್ದಾರೆ. ಸುದ್ದಿ ಕೇಳಿ ಶನಿವಾರವೇ ಕುಳ್ಳಮ್ಮನೂ ಬಂದಿಳಿದಳು. ಕೆಲಸ ಆಗಲಿಲ್ಲ ಅಂದರೆ ಸಾಮಾನು ಕಟ್ಟಲು ಒಂದು ಕೈ ಬೇಕಲ್ಲ ಎಂಬುದು ಅವಳ ಮುಂದಾಲೋಚನೆ.

ಭಾನುವಾರ ಬೆಳಿಗ್ಗೆ ನಿಂಗರಾಜು ಹಾರ, ಬಾಡಿಗೆ ಮೈಕು ತರಲು ಶ್ರೀರಂಗಪಟ್ಟಣದ ಬಸ್ಸು ಹತ್ತಿದ. ರಂಜಿತ ಸಂಘದ ಹೆಂಗಸರನ್ನು ಕರೆಯಲು ಹೋದಳು. ಮನೆಯಲ್ಲಿ ಉಳಿದದ್ದು ಕುಳ್ಳಮ್ಮ ಮತ್ತು ಆ ಬಕೆಟ್ ಸುಣ್ಣ.

ಹನ್ನೊಂದಕ್ಕೆ ವಾಪಸಾಗಿ ಹೊಸಿಲು ದಾಟಿದ ನಿಂಗರಾಜುವಿಗೆ ಬೇರೆಯವರ ಮನೆಗೆ ನುಗ್ಗಿದೆನೇನೋ ಅನ್ನಿಸಿತು. ಪಡಸಾಲೆ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿತ್ತು. ಗೋಡೆಯ ಬುಡಕ್ಕೆ ಗೇಣಗಲ ಕೆಮ್ಮಣ್ಣಿನ ಪಟ್ಟಿ ಬೇರೆ. ಸೆರಗು ಸಿಕ್ಕಿಸಿಕೊಂಡು ನಿಂತಿದ್ದ ಕುಳ್ಳಮ್ಮನ ಮುಖ ಹೆಮ್ಮೆಯಿಂದ ಅರಳಿತ್ತು.

"ಬಂದ್ರಾ ಅಳಿಮಯ್ಯ? ಎಂಗೈತೆ ನೋಡಿ!"

"ಅತ್ತೆ... ಇಲ್ಲಿ... ದರ್ಬಾರಿತ್ತಲ್ಲ?"

"ದರ್ಬಾರೋ ಗಿರ್ಬಾರೋ, ಒಲೆ ಮಸಿ ಮೆತ್ಕಂಡಂಗಿತ್ತು. ನೆಂಟ್ರು ಬರೋ ಮನೆ ಗ್ವಾಡೆ ಇಂಗಾ ಮಡಿಕಳಾದು? ನೋಡ್ದೋರು ರಂಜಿತನ್ನ ಏನಂದಾರು? ಅವ್ವ ಏನೂ ಕಲಿಸ್ನಿಲ್ಲ ಅನ್ನಾಕಿಲ್ವಾ? ಪಂಚೆಬಟ್ಟೇಲಿ ಸೋಸಿ, ಅನ್ನದ ಗಂಜಿ ಆಕಿ, ಚಿಟಿಕೆ ನೀಲಿ ಬೆರ್ಸಿ ಮೂರು ಕೈ ಬಳ್ದಿವ್ನಿ. ನಿಮ್ಮ ಡಬ್ಬಿ ಬಣ್ಣ ಇದರ ಮುಂದೆ ಯಾವ ಮೂಲೆಗೆ?"

ನಿಂಗರಾಜು ಹಾರವನ್ನು ಕೊರಳಿಗೆ ಹಾಕಿಕೊಂಡೇ ಕುಸಿದು ಕುಳಿತ. ಅವನ ಕಣ್ಣ ಮುಂದೆ ನಾಗಮಂಗಲದ ಬಸ್ಸು ಬಂದು ನಿಂತಿತ್ತು.

ಕುಳ್ಳಮ್ಮ ಅಡುಗೆಗೆ ಹೋದದ್ದೇ ತಡ, ಅವನು ದೋಸೆ ಮೊಗಚೆಕಾಯಿ ಹಿಡಿದು ಗೋಡೆ ಕೆರೆಯತೊಡಗಿದ. ಸುಣ್ಣ ಬಂತು. ಹಿಂದೆಯೇ ಹಳೇ ಸುಣ್ಣ ಬಂತು, ಅದರ ಹಿಂದೆ ಒಂದು ಹಿಡಿ ಮಣ್ಣೂ ಬಂತು. ದರ್ಬಾರು ಮಾತ್ರ ಬರಲಿಲ್ಲ. ಸದ್ದು ಕೇಳಿ ಟೀ ಅಂಗಡಿಯ ಸೋಮಯ್ಯ ಓಡಿಬಂದ. ಅವನ ಹಿಂದೆ ಲೋಟ ಹಿಡಿದುಕೊಂಡೇ ದ್ಯಾವಯ್ಯ ಬಂದರು. ಮೂವತ್ತು ವರ್ಷ ರಾಜನ ಪಾರ್ಟು ಮಾಡಿದವರು, ಈಗಲೂ ಟೀ ಕೇಳುವಾಗ ರಾಜಾಜ್ಞೆಯ ಧಾಟಿ.

"ಯಾರಲಾ ಅದು, ನಮ್ಮ ದರ್ಬಾರ್ನ ಅಳಿಸ್ದೋರು?"

"ಮೆತ್ತಗೆ ದ್ಯಾವಣ್ಣ, ಅತ್ತೆ ಒಳಗವ್ರೆ," ಎಂದು ನಿಂಗರಾಜು ಕೈಮುಗಿದ. "ಮೂರ್ಗಂಟೆಗೆ ಮೇಡಂ ಬತ್ತಾರೆ. ಏನಾರ ದಾರಿ ತೋರ್ಸಿ."

"ಅಷ್ಟಕ್ಕೆ ಇಂಗ್ಯಾಕ್ಲಾ ಅಳ್ತೀಯೆ?" ಎಂದ ಸೋಮಯ್ಯ. "ಬಂದೋರೆಲ್ಲ ಫೋಟೋ ಒಡ್ಕಂಡು ನಿಂಗೂ ಕಳಿಸ್ತಾರಲ್ಲ. ಅದ್ನ ನೋಡ್ಕಂಡು ತಿರ್ಗಾ ಬರ್ದ್ಬುಡು."

ನಿಂಗರಾಜುವಿಗೆ ಹೋದ ಜೀವ ಬಂತು. ಮೊಬೈಲು ತೆಗೆದರೆ ಫೋಟೋಗಳಿಗೇನೂ ಬರವಿರಲಿಲ್ಲ. ನೂರಾರಿದ್ದವು. ಪ್ರತಿಯೊಂದರಲ್ಲೂ ಅತಿಥಿಯ ಪಕ್ಕದಲ್ಲಿ, ಗೋಡೆಯ ನಟ್ಟನಡುವೆ, ಹಲ್ಲು ಬಿಟ್ಟುಕೊಂಡು ಅವನೇ ನಿಂತಿದ್ದ. ಒಂದರಲ್ಲಿ ಅವನ ಎಡಗಿವಿಯ ಹಿಂದಿನಿಂದ ಆನೆಯ ಸೊಂಡಿಲು ಇಣುಕುತ್ತಿತ್ತು. ಇನ್ನೊಂದರಲ್ಲಿ ನೆತ್ತಿಯ ಮೇಲೆ ಒಂದು ಛತ್ರಿ. ದರ್ಬಾರು ನಡೆಯುತ್ತಿದ್ದ ಜಾಗದಲ್ಲೆಲ್ಲ ನಿಂಗರಾಜುವಿನ ಮುಖವೇ ಇತ್ತು.

"ಓಗ್ಲಿ, ನೀನು ಆರು ವರ್ಸದಿಂದ ಯೋಳ್ತಿದ್ದೀಯಲ್ಲ, ಮಧ್ಯದಲ್ಲಿ ಏನಿತ್ತು?" ಎಂದರು ದ್ಯಾವಯ್ಯ.

ನಿಂಗರಾಜು ಬೆಳ್ಳನೆ ಗೋಡೆಯ ಕಡೆ ತಿರುಗಿ ನೋಡಿದ. ಆರು ವರ್ಷವೂ ಅವನು ಜನಕ್ಕೆ ಮುಖ, ಗೋಡೆಗೆ ಬೆನ್ನು ಮಾಡಿ ನಿಂತವನು. ಚಿತ್ರವನ್ನು ಒಂದು ದಿನವಾದರೂ ಸರಿಯಾಗಿ ನೋಡಿರಲಿಲ್ಲ. ಅದು ಹೊಳೆದಾಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ನೆನಪಿನಿಂದಲೇ ಬರೆಯುವುದೆಂದಾಯಿತು. ನೀರೊಲೆಯಿಂದ ಇದ್ದಿಲು ಬಂತು. ಸಿಂಹಾಸನ ಎಡಕ್ಕಿತ್ತು ಎಂದರು ದ್ಯಾವಯ್ಯ, ಬಲಕ್ಕಿತ್ತು ಎಂದ ಸೋಮಯ್ಯ.

"ಸಿಂಆಸನದ ವಿಚಾರ ನಂಗೆ ಯೋಳ್ತೀಯೇನ್ಲಾ? ಮೂವತ್ತು ವರ್ಸ ಕುಂತಿವ್ನಿ ಕಣ್ಲಾ ಅದರ ಮ್ಯಾಲೆ!"

"ನೀವು ಕುಂತಿದ್ದು ನಮ್ಮಂಗಡಿ ಕಬ್ಣದ ಕುರ್ಚಿ ಮ್ಯಾಲೆ. ಅದ್ರ ಒಂದು ಕಾಲು ಇನ್ನೂ ಸೊಟ್ಟಗೈತೆ."

ನಿಂಗರಾಜು ಇಬ್ಬರ ಮಾತನ್ನೂ ನಡೆಸಿ ಎರಡು ಸಿಂಹಾಸನ ಬರೆದ. ಹಸಿ ಸುಣ್ಣದ ಮೇಲೆ ಇದ್ದಿಲು ಜಾರಿತು. ಆನೆ ನೀರಿನ ಟ್ಯಾಂಕಿನ ಹಾಗಾಯಿತು. ರಾಜನಿಗೆ ಕಣ್ಣು ಎರಡೂ ಹೊರಗೆ ಬಂದು, ಬಾಯಿ ಕಿವಿವರೆಗೆ ಹೋಗಿ, ಕಿರೀಟ ಇಟ್ಟ ಕಪ್ಪೆ ಕುಳಿತಂತಾಯಿತು. ದ್ಯಾವಯ್ಯ ಸ್ವಲ್ಪ ಹೊತ್ತು ನೋಡಿ, "ಇವನ ಪಾರ್ಟು ನಾನು ಮಾಡಾಕಿಲ್ಲ" ಎಂದು ಲೋಟ ಎತ್ತಿಕೊಂಡು ಹೊರಟರು.

ಗಂಟೆ ಎರಡೂಮುಕ್ಕಾಲು. ಬೀದಿಯ ತುದಿಯಲ್ಲಿ ಕಾರಿನ ಹಾರನ್ನು ಕೇಳಿಸಿತು. ನಿಂಗರಾಜು ಮಂಚದ ಮೇಲಿನ ಹೂವಿನ ಬೆಡ್‌ಶೀಟು ಎಳೆದು ತಂದು, ಎರಡು ಮೊಳೆ ಹೊಡೆದು, ಗೋಡೆಗೆ ಅಡ್ಡ ಕಟ್ಟಿದ.

ಮಕ್ಕಳು ಚಿತ್ರ ಬರೆದರು. ಸಂಘದ ಹೆಂಗಸರು ಹಾಡಿದರು. ದ್ಯಾವಯ್ಯ ಒಂದು ಕಂದಪದ್ಯವನ್ನು ಮೈಕು ಬೇಡವೆಂದು ಹಾಡಿ ಚಪ್ಪಾಳೆ ಗಿಟ್ಟಿಸಿದರು. ಪುಟ್ಟತಾಯಮ್ಮ ಕುರ್ಚಿಯಲ್ಲಿ ಕುಳಿತು ತೊಲೆ, ಕಂಬ, ಗವಾಕ್ಷಿಗಳನ್ನೆಲ್ಲ ಕಣ್ಣಿನಲ್ಲೇ ಸವರುತ್ತಿದ್ದರು. ಕೊನೆಗೆ ಹೇಮಶ್ರೀ ಮೇಡಂ ಪೆನ್ನು, ಪುಸ್ತಕ ತೆಗೆದು, "ನಿಂಗರಾಜು, ಗೋಡೆ ತೋರಿಸಿ" ಎಂದರು.

"ಈವತ್ತು ಆಗಲ್ಲ ಮೇಡಂ. ಚಿತ್ರಕ್ಕೆ... ವಿಶ್ರಾಂತಿ. ಬೆಳಕು ಬಿದ್ರೆ ಮಸುಕಾಗುತ್ತಂತೆ, ದೊಡ್ಡೋರು ಯಾರೋ ಹೇಳಿದ್ರು."

ಅಷ್ಟರಲ್ಲಿ ಪಾನಕದ ತಟ್ಟೆ ಹಿಡಿದು ಬಂದ ಕುಳ್ಳಮ್ಮನ ಕಣ್ಣಿಗೆ ಬೆಡ್‌ಶೀಟು ಬಿತ್ತು.

"ಅಯ್ಯೋ, ಅಸಿ ಗ್ವಾಡೆಗೆ ಬಟ್ಟೆ ಕಟ್ಟವ್ರಲ್ಲ! ಗಾಳಿ ಆಡ್ದೆ ಅದು ಒಣಗಾದೆಂಗೆ?" ಎಂದವಳೇ ತಟ್ಟೆ ಕೆಳಗಿಟ್ಟು, ಒಂದೇ ಎಳೆತಕ್ಕೆ ಬೆಡ್‌ಶೀಟು ಕಿತ್ತಳು.

ಬೆಳ್ಳನೆ ಗೋಡೆಯ ಮೇಲಿಂದ ಕಪ್ಪೆರಾಜ ಸಭೆಯನ್ನು ದುರುಗುಟ್ಟಿ ನೋಡಿದ. ರಘುನಂದನ್ ಕೈಯಲ್ಲಿದ್ದ ಮೈಕು ಕೀರಲಿಟ್ಟಿತು. ನಿಂಗರಾಜುವಿನ ನಾಲಗೆ ತಾನಾಗಿ ಓಡತೊಡಗಿತು.

"ಮೇಡಂ, ಇದರಲ್ಲಿ ನಂದೇನೂ ತಪ್ಪಿಲ್ಲ! ಸುಣ್ಣ ಸೋಸಿದ್ದು, ಗಂಜಿ ಹಾಕಿದ್ದು, ಬಳಿದದ್ದು ಎಲ್ಲಾ ನಮ್ಮತ್ತೆ! ನಾನು ಊರಲ್ಲೇ ಇರಲಿಲ್ಲ. ಈ ಸುಣ್ಣಕ್ಕೆ ನನ್ನ ಒಂದು ಬೆರಳೂ ತಾಗಿಲ್ಲ. ಬೇಕಾದ್ರೆ ಬರ್ಕೊಳ್ಳಿ, ಹೆಸರು ಕುಳ್ಳಮ್ಮ!"

ಹೇಮಶ್ರೀ ಮೇಡಂ ಬರೆದುಕೊಂಡರು.

ಪುಟ್ಟತಾಯಮ್ಮ ಕೋಲೂರಿ ಎದ್ದು ಗೋಡೆಯ ಬಳಿ ಹೋದರು. ಒಣಗಿದ ಕಡೆ ಅಂಗೈ ಇಟ್ಟು ಉಜ್ಜಿದರು. ಅಂಗೈ ನೋಡಿಕೊಂಡರು, ಸುಣ್ಣ ಹತ್ತಿರಲಿಲ್ಲ. ಅವರ ಕಣ್ಣು ತುಂಬಿತು. ನಿಂಗರಾಜು ಕಣ್ಣು ಮುಚ್ಚಿಕೊಂಡ.

"ಗಂಜಿ ಆಕಿದ್ದೀಯಾ ತಾಯಿ?"

"ಊಂ ಕಣವ್ವ. ಚಿಟಿಕೆ ನೀಲಿನೂವೆ," ಎಂದಳು ಕುಳ್ಳಮ್ಮ.

"ನಮ್ಮಪ್ಪನ ಸುಣ್ಣನೂ ಕೈಗೆ ಅತ್ತುತಿರ್ನಿಲ್ಲ." ಮುದುಕಿ ಸಭೆಯ ಕಡೆ ತಿರುಗಿದರು. "ಇದು ನಮ್ಮಪ್ಪನ ಸ್ಲೇಟು ಕನ್ರಪ್ಪ. ನಾಟಕದೋರು ಬಂದ್ರೆ ಈ ಗ್ವಾಡೆ ಮ್ಯಾಲೆ ಬರ್ದು ತೋರ್ಸೋನು. ಅವರು ಒಪ್ಪಿದ್ಮ್ಯಾಲೆ ಸುಣ್ಣ ಬಳ್ದು, ತಿರ್ಗಾ ಬರೆಯೋನು. ವರ್ಸಕ್ಕೆ ಅತ್ತು ಸಲ."

"ಹಾಗಾದರೆ ಆ ಕೊನೆಯ ದರ್ಬಾರು?" ಎಂದರು ರಘುನಂದನ್. ಅದರ ಗಹನವಾದ ರೇಖೆಗಳ ಬಗ್ಗೆ ನಲವತ್ತು ಪುಟದ ಪುಸ್ತಕ ಬರೆದಿದ್ದವರು ಅವರೇ.

"ಅದಾ? ಅಪ್ಪ ಪರದೆ ಕಟ್ಟಾಕೆ ಕೆ.ಆರ್.ಪೇಟೆಗೆ ಓಗಿದ್ದ. ನಂಗೆ ಅನ್ನೊಂದು ವರ್ಸ. ಬರೋದ್ರೊಳಗೆ ನಾನೇ ಗೀಚಿದ್ದೆ. ಬಂದು ನೋಡಿ ಒಟ್ಟೆ ಇಡ್ಕಂಡು ನಕ್ಬುಟ್ಟು, ಇರ್ಲಿ ಮಗ, ಮುಂದಿನ ಸುಣ್ಣದವರ್ಗೂ ಇರ್ಲಿ ಅಂದ. ಮುಂದಿನ ಸುಣ್ಣಕ್ಕೆ ಅವನೇ ಇರ್ನಿಲ್ಲ. ಆಮ್ಯಾಕೆ ಯಾರೂ ಬಳೀನಿಲ್ಲ." ಕಪ್ಪೆರಾಜನ ಮುಂದೆ ನಿಂತು ಕಣ್ಣೊರೆಸಿಕೊಂಡು ನಕ್ಕರು. "ಇದ್ಯಾರಪ್ಪ ಬರ್ದೋರು? ನಂದೂ ಇಂಗೇ ಇತ್ತು."

ರಘುನಂದನ್ ಒಂದು ಲೋಟ ಪಾನಕ ಎತ್ತಿಕೊಂಡು ಮೂಲೆಗೆ ಸರಿದರು. ನಿಂಗರಾಜುವಿನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಅಳಿದದ್ದು ಚಿಕ್ಕಯ್ಯನವರ ಚಿತ್ರವೇ ಆಗಿರಲಿಲ್ಲ, ಮುದುಕಿಗೆ ನೋವಾಗಲಿಲ್ಲ, ಅತ್ತೆ ಮಾಡಿದ್ದು ತಪ್ಪೇ ಆಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ರಂಜಿತಳನ್ನು ನೋಡಿ ಅವನು ಬೆಳಗಿನಿಂದ ಮೊದಲ ಸಲ ನಕ್ಕ. ಅವಳೂ ನಕ್ಕಳು.

ಹೇಮಶ್ರೀ ಮೇಡಂ ಎದ್ದು ನಿಂತರು. "ಇನ್ನು ಮೇಲೆ ಪ್ರತಿ ತಿಂಗಳೂ ಈ ಗೋಡೆಗೆ ಸುಣ್ಣ ಬಳಿಯಬೇಕು, ಊರಿನ ಮಕ್ಕಳು ಇದರ ಮೇಲೆ ಬರೆಯಬೇಕು. ಇದೇ ಈ ಮನೆಯ ನಿಜವಾದ ಚರಿತ್ರೆ. ಕಾಯಂ ಹುದ್ದೆ ಇವತ್ತೇ ತೀರ್ಮಾನ ಮಾಡ್ತೀನಿ."

ನಿಂಗರಾಜು ಅಂಗಿಯ ಗುಂಡಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಈ ಹಳೇ ಸುಣ್ಣದ ಕೆಲಸ ಗೊತ್ತಿರೋರು ಈಗ ಎಲ್ಲಿದಾರೆ? ಹುದ್ದೆ ಕುಳ್ಳಮ್ಮನವರಿಗೆ. ನಮ್ಮ ಟ್ರಸ್ಟಿನಲ್ಲಿ ವಯಸ್ಸಿನ ನಿರ್ಬಂಧ ಇಲ್ಲ."

ಚಪ್ಪಾಳೆ ಹೆಂಚು ಹಾರುವಂತೆ ಬಿತ್ತು. ನಿಂಗರಾಜು ಮೇಡಂ ಹತ್ತಿರ ಹೋಗಿ ಪಿಸುಗುಟ್ಟಿದ. "ಮೇಡಂ, ನಾನೂ ಸ್ವಲ್ಪ... ಸುಣ್ಣ ತಂದದ್ದು ನಾನೇ."

ಮೇಡಂ ಪುಸ್ತಕ ತಿರುವಿ ನೋಡಿದರು. "ಒಂದು ಬೆರಳೂ ತಾಗಿಲ್ಲ ಅಂತ ನೀವೇ ಬರೆಸಿದ್ದೀರಿ. ಇರಲಿ, ನಿಮ್ಮನ್ನು ತೆಗೆಯೋದಿಲ್ಲ. ನೀವು ಎಂದಿನಂತೆ ಹಂಗಾಮಿ. ಹಿಂದಿನ ಕೋಣೆಗಳು ಮಾತ್ರ ಹುದ್ದೆಯವರದ್ದು. ಕುಳ್ಳಮ್ಮನವರು ಒಪ್ಪಿದರೆ ನೀವೂ ಅಲ್ಲೇ ಇರಬಹುದು."

ಸೋಮಯ್ಯ ಬಾಗಿಲಲ್ಲಿ ನಿಂತು ಮೀಸೆ ತಿರುವುವವನ ಹಾಗೆ ಕೈಯಾಡಿಸಿದ. ದ್ಯಾವಯ್ಯನವರಂತೂ ಬಿದ್ದೂ ಬಿದ್ದೂ ನಗುತ್ತಿದ್ದರು.

ಕಾರು ಹೋಯಿತು, ಜನ ಚದುರಿದರು. ಕುಳ್ಳಮ್ಮ ಹಿಂದಿನ ಕೋಣೆಗೆ ಹೋಗಿ ಕಟ್ಟಿಟ್ಟಿದ್ದ ತನ್ನ ಚೀಲ ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಜೋಡಿಸಿದಳು. ಹಿತ್ತಲ ಕಡೆ ಒಮ್ಮೆ ಇಣುಕಿ, "ಹಸ ಕಟ್ಟಾಕೆ ಜಾಗ ಐತೆ, ಇಲ್ಲಿಗೇ ಒಡ್ಕಂಡ್ ಬತ್ತೀನಿ" ಎಂದು ತನಗೆ ತಾನೇ ಹೇಳಿಕೊಂಡಳು. ಹೊರಗೆ ಜಗುಲಿಯ ಮೇಲೆ ನಿಂಗರಾಜು ಬೆಡ್‌ಶೀಟು ಮಡಚುತ್ತ ಕುಳಿತಿದ್ದ. ಕೆಲಸ ಉಳಿದಿತ್ತು, ಊರು ಉಳಿದಿತ್ತು, ಅಷ್ಟು ಸಾಕು ಎಂದು ಒಂದು ಮನಸ್ಸು ಹೇಳುತ್ತಿತ್ತು. ಇನ್ನೊಂದು ಮನಸ್ಸು ನಾಳೆ ಟೀ ಅಂಗಡಿಯ ಮುಂದೆ ಹೇಗೆ ಹಾಯುವುದು ಎಂದು ಯೋಚಿಸುತ್ತಿತ್ತು.

ಕುಳ್ಳಮ್ಮ ಹೊಸಿಲಿಗೆ ಬಂದು, ಸೆರಗು ಹೊದ್ದು, ಮನೆ ಯಜಮಾನಿಯ ಗತ್ತಿನಲ್ಲಿ ನಿಂತಳು.

"ಅದ್ಯಾಕೆ ನೆಂಟ್ರಂಗೆ ಆಚೆ ಕುಂತ್ರಿ ಅಳಿಮಯ್ಯ? ಬನ್ನಿ ಒಳಕ್ಕೆ, ಕೈಕಾಲು ತೊಳ್ಕಳಿ. ಇದು ನಿಮ್ಮತ್ತೆ ಮನೆ ಕನ್ರಪ್ಪ, ನಾಚ್ಕೆ ಮಾಡ್ಕಬ್ಯಾಡಿ."